ಮಧುಗಿರಿ ಸೀಮೆಯ ಮೆರವಣಿಗೆಯ ಕತ್ತಿಗಳ ಮೂಲ

ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿ ದೊರೆತ ಮೆರವಣಿಗೆಯ ಕತ್ತಿಯನ್ನೆಲ್ಲ ಸ್ಥಳೀಯ ಪಾಳೆಯಗಾರರದೆಂದು ಹೇಳಿಬಿಡುವುದು ಯುಕ್ತವಲ್ಲ. ಅಲಗು, ಹಿಡಿ, ಲೇಖ ಈ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸತಕ್ಕದ್ದು.

ಅಲಗಿನ ಉಕ್ಕು ಇಲ್ಲಿಯದೇ ಆಗಿರಬಹುದು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು, ಕಬ್ಬಿಣವನ್ನು ತಂಗಡಿಯ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕುಮಾಡುವ ಕ್ರಮವನ್ನು ವರ್ಣಿಸಿದ್ದಾನೆ. ಆದರೆ ದಕ್ಷಿಣದೇಶದ ಉಕ್ಕು ದೂರದೇಶಗಳಿಗೂ ಹೋಗುತ್ತಿದ್ದ ಸರಕು. ಲೋಹದ ಊರೇ ಕಮ್ಮಾರನ ಊರಾಗಬೇಕಾದುದಿಲ್ಲ.

ಹಿಡಿಯ ರೂಪವು ಕಮ್ಮಾರಸಾಲೆಯ ಸಂಪ್ರದಾಯವನ್ನು ಸೂಚಿಸುವುದು. ಹುಲಿಪಟ್ಟೆಯ ಅಲಂಕಾರವಿದ್ದರೆ ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣವನ್ನು ನೆನೆಯಬೇಕು. ಪಾರಸೀ ಲೇಖವೊಂದೇ ನಿರ್ಣಾಯಕವಲ್ಲ: 1687ರಿಂದ ಮೊಗಲರ ಸುಬೆಗೆ ರಾಜಧಾನಿಯಾಗಿದ್ದ ಸಿರಾ 1761ರಲ್ಲಿ ಹೈದರಾಲಿಯ ವಶವಾಯಿತು, ಇಬ್ಬರ ಆಡಳಿತದಲ್ಲಿಯೂ ಪಾರಸಿಯು ಬಳಕೆಯಲ್ಲಿತ್ತು. ಲೇಖವು ಒಡೆಯನನ್ನು ತಿಳಿಸೀತು, ಮಾಡಿದವನನ್ನಲ್ಲ. ಮೂರು ಸಾಕ್ಷ್ಯಗಳೂ ಒಂದೆಡೆಗೆ ಕೂಡಿದಾಗಲೇ ಆಯುಧದ ಹುಟ್ಟೂರನ್ನು ಹೇಳಬಹುದು.