ತೂತಿಲ್ಲದ ಬದನೆಕಾಯಿ

ವಿಜಯನಗರದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವವರ ಕೈ ನೋಡಬೇಕು. ತೊಟ್ಟು ಹಿಡಿದು ಒಂದು ಸುತ್ತು ತಿರುಗಿಸುತ್ತಾರೆ. ಸಣ್ಣ ತೂತು ಕಂಡರೂ ವಾಪಸ್ ರಾಶಿಗೆ. ಮೊನ್ನೆ ನಾನೂ ಹಾಗೇ ತಿರುಗಿಸುತ್ತಿದ್ದಾಗ ಮಾರುವಾಕೆ ನಕ್ಕರು: "ತೂತಿಲ್ದಿದ್ದೇ ಬೇಕು ಅಂದ್ರೆ ಔಷಧಿ ಜಾಸ್ತಿ ಹೊಡ್ದಿರ್ತಾರೆ ಸಾರ್." ವಿಷಕ್ಕೆ ನಮ್ಮಲ್ಲಿ ಔಷಧಿ ಅಂತಲೇ ಹೆಸರು.

ಈ ತೂತು ಕೊರೆಯುವುದು ಕುಡಿ ಮತ್ತು ಕಾಯಿಕೊರಕ ಎಂಬ ಹುಳು. ಮೊಟ್ಟೆಯೊಡೆದು ಕೆಲವೇ ಗಂಟೆಗಳಲ್ಲಿ ಮರಿ ಒಳಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊರಗೆ ಎಷ್ಟು ಹೊಡೆದರೇನು? ಗಿಡದೊಳಗೇ ಕಾವಲು ಇಡೋಣ ಎಂದು ಹುಟ್ಟಿದ್ದು ಬಿ.ಟಿ. ಬದನೆ.

ಬಿ.ಟಿ. ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಅದನ್ನು ಮೊದಲು ಕಂಡದ್ದು ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಕೆಂಗೇರಿ ದಾಟಿ ರಾಮನಗರಕ್ಕೆ ಗೂಡು ಮಾರಲು ಹೋಗುವವರಿಗೆ ಅದು ಶತ್ರು, ಬದನೆ ತೋಟದವರಿಗೆ ನೆಂಟ! ಅದರ ಕ್ರೈ1ಎಸಿ ಜೀನನ್ನು ಮಹಿಕೋ ಕಂಪನಿ ಬದನೆಗೆ ಸೇರಿಸಿತು. ಆ ಪ್ರೋಟೀನು ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಚುರುಕಾಗಿ, ಕರುಳಿನ ಗೋಡೆಯನ್ನೇ ತೂತು ಮಾಡುತ್ತದೆ. ಕಾಯಿ ಕೊರೆಯಲು ಬಂದದ್ದರ ಹೊಟ್ಟೆಗೇ ಕೊರೆತ. ನಮ್ಮ ಜಠರ ಆಮ್ಲೀಯ. ಆ ಪ್ರೋಟೀನು ಅಂಟಿಕೊಳ್ಳುವ ಜಾಗಗಳೂ ನಮ್ಮ ಕರುಳಿನಲ್ಲಿಲ್ಲ ಎನ್ನುತ್ತಾರೆ ವಿಜ್ಞಾನಿಗಳು.

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಜೀನನ್ನು ನಮ್ಮ ನಾಟಿ ತಳಿಗಳಿಗೂ ತಂದಿತು. ಉಡುಪಿಯ ಗುಳ್ಳವೂ ಅದರಲ್ಲಿತ್ತು. ರಾದ್ಧಾಂತ ಶುರುವಾದದ್ದು ಅಲ್ಲಿ. ಯತಿ ವಾದಿರಾಜರು ಬೀಜ ಕೊಟ್ಟರೆಂದು ಮಟ್ಟು ಗ್ರಾಮದವರು ನಂಬಿಕೊಂಡು ಬಂದ ಕಾಯಿ ಅದು. ಅನುಮತಿಯಿಲ್ಲದೆ ನಾಟಿ ತಳಿ ಬಳಸಿದರೆಂಬ ಆರೋಪ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದವರೆಗೆ ಹೋಯಿತು. ನನಗನ್ನಿಸುವಂತೆ, ಜನರ ಸಿಟ್ಟು ಜೀನಿನ ಮೇಲೆ ಇದ್ದದ್ದಕ್ಕಿಂತ ಬೀಜ ಯಾರದೆಂಬುದರ ಮೇಲೇ ಹೆಚ್ಚಿತ್ತು.

2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಬಿ.ಟಿ. ಬದನೆಗೆ ಹಸಿರು ನಿಶಾನೆ ತೋರಿತ್ತು. 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳನೆಯ, ಕೊನೆಯ ಬಹಿರಂಗ ಸಭೆ ನಡೆಸಿದರು. ಮೂರೇ ದಿನಕ್ಕೆ ತಡೆ ಬಿತ್ತು. ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಇತ್ತ 2002ರಿಂದ ಬೆಳೆಯುತ್ತಿರುವ ಬಿ.ಟಿ. ಹತ್ತಿಗೆ ಗುಲಾಬಿ ಕಾಯಿಕೊರಕ ಒಗ್ಗಿಕೊಂಡಿದೆ, ಕಾವಲು ಕಾಯಂ ಅಲ್ಲ. ಬದನೆಯಲ್ಲಿ ತಡೆ ಬಂದದ್ದು ಬಿ.ಟಿ.ಗೆ, ಔಷಧಿ ಹೊಡೆಯುವ ಪಂಪಿಗೆ ಯಾರೂ ತಡೆ ಹಾಕಲಿಲ್ಲ.

ಮಾರುವಾಕೆ ತೂತಿದ್ದ ಎರಡು ಕಾಯಿಯನ್ನು ಕೊಸರಿಗೆ ಹಾಕಿದರು. ಮನೆಯಲ್ಲಿ ಅಮ್ಮ ಆ ಭಾಗ ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಉಪ್ಪುನೀರಿಗೆ ಹಾಕಿದಳು. ರಾತ್ರಿ ಎಣ್ಣೆಗಾಯಿ.