ವೇಗದ ಕಾರಿಗೆ ಹದವಾದ ಬ್ರೇಕು

1953ನೆಯ ಇಸವಿಯಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ಮೋಟಾರು ಪಂದ್ಯವನ್ನು ಇಂಗ್ಲೆಂಡಿನ ಜಾಗ್ವಾರ್ ಸಿ-ಟೈಪ್ ಕಾರು ಗೆದ್ದಿತು. ಆ ಪಂದ್ಯದಲ್ಲಿ ಸರಾಸರಿ ವೇಗವು ಗಂಟೆಗೆ 100 ಮೈಲಿಯನ್ನು ಮೀರಿದುದು ಅದೇ ಮೊದಲು. ಈ ಗೆಲುವಿನಲ್ಲಿ ಎಂಜಿನ್ನಿನಂತೆಯೇ ಡಿಸ್ಕ್ ಬ್ರೇಕಿನ ಪಾಲೂ ಇತ್ತು. ಡ್ರಮ್ ಬ್ರೇಕಿನ ಕಾರುಗಳು ತಿರುವಿಗೆ ಬಹುದೂರವಿರುವಾಗಲೇ ವೇಗವನ್ನು ತಗ್ಗಿಸಬೇಕಾಗಿದ್ದರೆ, ಜಾಗ್ವಾರ್ ಇನ್ನಷ್ಟು ಹೊತ್ತು ಪೂರ್ಣವೇಗದಲ್ಲಿ ಓಡಬಹುದಾಗಿತ್ತು.

1961ರಲ್ಲಿ ಹೊರಬಂದ ಜಾಗ್ವಾರ್ ಇ-ಟೈಪ್ ಕಾರಿನ ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕುಗಳಿದ್ದವು. ಅವುಗಳಲ್ಲಿ ಮುಂದಿನವು 11 ಅಂಗುಲ, ಹಿಂದಿನವು 10 ಅಂಗುಲ ವ್ಯಾಸದವು. ಈ ಹಳೆಯ ಕಾರುಗಳನ್ನು ಇಂದಿಗೂ ಜೋಪಾನವಾಗಿಟ್ಟು ಓಡಿಸುವವರು ಹಲವರಿದ್ದಾರೆ. ಅವರಲ್ಲಿ ಕೆಲವರು ಇನ್ನೂ ದೊಡ್ಡ ಬ್ರೇಕುಗಳನ್ನು ಜೋಡಿಸಲು ಬಯಸುತ್ತಾರೆ. ಬ್ರೇಕು ದೊಡ್ಡದಾದರೆ ಕಾರು ಬೇಗ ನಿಲ್ಲುವುದೇ?

ಬ್ರೇಕು ಮಾಡುವ ಕೆಲಸವೆಂದರೆ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುವುದು. 1,200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಂತಾಗ ಹುಟ್ಟುವ ಉಷ್ಣವು, 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಸುಮಾರು 1.4 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ವೇಗ ಇಮ್ಮಡಿಯಾದರೆ ಉಷ್ಣವು ನಾಲ್ಮಡಿಯಾಗುತ್ತದೆ. ಡ್ರಮ್ಮಿನೊಳಗೆ ಈ ಉಷ್ಣವು ಸೆರೆಯಾಗುತ್ತದೆ. ತೆರೆದ ಡಿಸ್ಕನ್ನಾದರೋ ಗಾಳಿಯು ತಣಿಸುತ್ತದೆ. ಡಿಸ್ಕು ದೊಡ್ಡದಾದಷ್ಟೂ ಅದು ಹೆಚ್ಚು ಉಷ್ಣವನ್ನು ತಾಳಬಲ್ಲದು. ಘಾಟಿಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕು ಒತ್ತುವಾಗ ಇದರ ಪ್ರಯೋಜನ ಕಾಣುತ್ತದೆ.

ಆದರೆ ಕಾರನ್ನು ಕೊನೆಗೆ ತಡೆದು ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಹಳೆಯ ಬ್ರೇಕೇ ಚಕ್ರಗಳ ತಿರುಗಾಟವನ್ನು ಪೂರ್ತಿ ತಡೆಯುವಷ್ಟು ಬಲವುಳ್ಳದ್ದಾಗಿದ್ದರೆ, ದೊಡ್ಡ ಬ್ರೇಕು ಒಂದು ಸಲದ ನಿಲುಗಡೆಯ ದೂರವನ್ನು ಕಡಿಮೆ ಮಾಡಲಾರದು.

ಇನ್ನು ಸಮತೋಲದ ಪ್ರಶ್ನೆ. ಬಸ್ಸು ಥಟ್ಟನೆ ನಿಂತಾಗ ನಿಂತಿರುವ ಪ್ರಯಾಣಿಕನು ಮುಂದಕ್ಕೆ ವಾಲುವುದನ್ನು ಎಲ್ಲರೂ ಬಲ್ಲರು. ಕಾರಿನ ಭಾರವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಹೆಚ್ಚಾಗಿ ಬೀಳುತ್ತದೆ. ನಮ್ಮ 1,200 ಕಿಲೋಗ್ರಾಂ ಕಾರಿನ ಭಾರವು ಹಿಂದೆ ಮುಂದೆ ಸಮನಾಗಿದೆ, ಗುರುತ್ವಕೇಂದ್ರವು ನೆಲದಿಂದ 0.5 ಮೀಟರ್ ಮೇಲಿದೆ, ಚಕ್ರಗಳ ಅಂತರವು 2.4 ಮೀಟರ್ ಇದೆ ಎಂದುಕೊಳ್ಳೋಣ. ಒಣ ರಸ್ತೆಯಲ್ಲಿ ಗುರುತ್ವವೇಗೋತ್ಕರ್ಷದ 0.8ರಷ್ಟು ಪ್ರಮಾಣದಲ್ಲಿ ವೇಗವನ್ನು ತಗ್ಗಿಸಿದರೆ ಮುಂದಿನ ಚಕ್ರಗಳ ಮೇಲೆ 800, ಹಿಂದಿನವುಗಳ ಮೇಲೆ 400 ಕಿಲೋಗ್ರಾಂ ಭಾರ ಬೀಳುತ್ತದೆ. ಒದ್ದೆ ರಸ್ತೆಯಲ್ಲಿ 0.4ರಷ್ಟು ಮಾತ್ರ ತಗ್ಗಿಸಲು ಸಾಧ್ಯವಾದರೆ ಈ ಭಾರಗಳು 700 ಮತ್ತು 500 ಆಗುತ್ತವೆ.

ಬ್ರೇಕಿನ ಬಲವನ್ನೂ ಇದಕ್ಕೆ ಹೊಂದುವಂತೆ ಹಂಚಬೇಕು. ಹಿಂದಿನ ಪಾಲು ಮಿತಿಮೀರಿದರೆ ಆ ಚಕ್ರಗಳು ಮೊದಲು ಬಿಗಿದು ಜಾರುತ್ತವೆ. ಕಾರಿನ ಹಿಂಭಾಗವು ಪಕ್ಕಕ್ಕೆ ಸರಿದು, ಕ್ಷಣಮಾತ್ರದಲ್ಲಿ ಕಾರು ಬುಗುರಿಯಂತೆ ಸುತ್ತಬಹುದು. ಮುಂದಿನ ಚಕ್ರಗಳು ಮೊದಲು ಬಿಗಿದರೆ ಕಾರು ಹೊರಳದಿದ್ದರೂ ನೇರವಾಗಿ ಜಾರುತ್ತದೆ. ಕೂಡಲೇ ಪಾದದ ಒತ್ತಡವನ್ನು ಸಡಿಲಿಸಿದರೆ ಚಕ್ರಗಳು ಮತ್ತೆ ಹಿಡಿತಕ್ಕೆ ಬರುತ್ತವೆ. ಆದುದರಿಂದ ಮುಂದಿನವು ಕೊಂಚ ಮೊದಲೇ ಬಿಗಿಯುವಂತೆ ಹದಗೊಳಿಸುವುದು ಕ್ಷೇಮಕರ. ಹಾಗೆಂದು ಮುಂದಿನ ಬ್ರೇಕನ್ನು ಮಾತ್ರ ಬಹಳ ಬಲಪಡಿಸಿದರೆ, ಹಿಂದಿನವು ತಮ್ಮ ಪಾಲಿನ ಕೆಲಸವನ್ನು ಮಾಡುವ ಮೊದಲೇ ಮುಂದಿನವು ಬಿಗಿದು, ನಿಲುಗಡೆಯ ದೂರವು ಹೆಚ್ಚಲೂಬಹುದು.

ಕ್ಯಾಲಿಪರಿನ ಪಿಸ್ಟನ್ನುಗಳನ್ನು ದೊಡ್ಡದು ಮಾಡಿದರೆ ಪ್ಯಾಡುಗಳು ಡಿಸ್ಕನ್ನು ಬಲವಾಗಿ ಅಮುಕುತ್ತವೆ. ಆದರೆ ಅವುಗಳನ್ನು ತುಂಬಲು ಹೆಚ್ಚು ದ್ರವ ಬೇಕಾಗುವುದರಿಂದ ಪೆಡಲು ಹೆಚ್ಚು ಆಳಕ್ಕೆ ಇಳಿಯುತ್ತದೆ. ಮಾಸ್ಟರ್ ಸಿಲಿಂಡರನ್ನು ಹಿಗ್ಗಿಸಿದರೆ ಪೆಡಲಿನ ಚಲನೆ ಕಡಿಮೆಯಾಗುತ್ತದೆ. ಪಾದದ ಬಲವು ಹೆಚ್ಚು ಬೇಕಾಗುತ್ತದೆ. ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ಮಿತಗೊಳಿಸಲು ಒಂದು ಕವಾಟವನ್ನೂ ಅಳವಡಿಸುವುದುಂಟು.

ಹೀಗೆ ಒಂದು ಭಾಗವನ್ನು ಬದಲಿಸಿದವನು ಉಳಿದವುಗಳ ಲೆಕ್ಕವನ್ನೂ ಮತ್ತೆ ಹಾಕಬೇಕು. ಆ ಬಳಿಕ ಕಾರನ್ನು ಜನಸಂಚಾರವಿಲ್ಲದ ವಿಶಾಲವಾದ ಮೈದಾನದಲ್ಲಿ, ಮೊದಲು ಕಡಿಮೆ ವೇಗದಲ್ಲಿ ಪರೀಕ್ಷಿಸಬೇಕು. ಲೆಕ್ಕ ತಪ್ಪಿದರೆ ಅಪಾಯವು ಚಾಲಕನೊಬ್ಬನಿಗೇ ಅಲ್ಲ, ರಸ್ತೆಯ ಅಂಚಿನಲ್ಲಿ ನಡೆಯುವವನಿಗೂ ಉಂಟು.