ಸವೆದ ಕ್ಲಚ್ ಕೇಬಲ್: ಹಳೆಯ ಕಾರಿಗೆ ಮನೆಯಲ್ಲೇ ಮದ್ದು

ಬೇಸಾಯಶಾಸ್ತ್ರ ಓದಿದವನಿಗೆ ಕಾರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಉತ್ತರ ನನ್ನ ಅನುಭವದಲ್ಲೇ ಇದೆ. ಕೆಲವು ವರ್ಷಗಳ ಹಿಂದೆ, ಮುಂಗಾರಿನ ಒಂದು ಬೆಳಿಗ್ಗೆ ರಾಗಿ ಪ್ರಾತ್ಯಕ್ಷಿಕೆಗೆಂದು ಹಳ್ಳಿಯೊಂದಕ್ಕೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಅಜೋಸ್ಪಿರಿಲಂ ಲೇಪಿಸಿದ ಬಿತ್ತನೆ ಬೀಜವಿತ್ತು. ಹೊಲ ಹದಕ್ಕೆ ಬಂದಿತ್ತು. ರೈತರು ಕೂರಿಗೆ ಸಿದ್ಧಮಾಡಿಕೊಂಡು ಕಾಯುತ್ತಿದ್ದರು. ದಾರಿಯ ಏರಿನಲ್ಲಿ ಗೇರ್ ಬದಲಿಸಲು ಕ್ಲಚ್ ಪೆಡಲ್ ಒತ್ತಿದೆ. ‘ಟಕ್’ ಎಂದು ಸದ್ದಾಯಿತು. ಪೆಡಲ್ ಸೋತು ಕೆಳಗೆ ಬಿದ್ದಿತು. ಕೇಬಲ್ ತುಂಡಾಗಿತ್ತು.

ಲೇಪಿಸಿದ ಬೀಜವನ್ನು ಬಿಸಿಲಿಗೆ ಇಡಬೇಡಿ, ತಡಮಾಡದೆ ಬಿತ್ತಿರಿ ಎಂದು ಊರೂರು ಹೇಳುವ ನಾನೇ ಆ ಚೀಲ ಹೊತ್ತು ಹೊಂಗೆ ಮರದ ನೆರಳು ಹುಡುಕಿದೆ. ಬಿತ್ತನೆ ಮುಗಿದಾಗ ಸಂಜೆಯಾಗಿತ್ತು. ಪೆಡಲ್ ಬಿಗಿಯಾಗುತ್ತಿದೆ ಎಂದು ಹದಿನೈದು ದಿನ ಮೊದಲೇ ನನಗೆ ತಿಳಿದಿತ್ತು ಎಂಬುದೇ ಹೆಚ್ಚು ನಾಚಿಕೆಯ ಮಾತು.

ನನ್ನದು ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ಹಳ್ಳಿಗಳಲ್ಲಿ ಇಂಥ ಕಾರುಗಳು ತರಕಾರಿ ಬುಟ್ಟಿ, ಹಾಲಿನ ಕ್ಯಾನು ಹೊತ್ತು ಇಂದಿಗೂ ಓಡುತ್ತಿವೆ. ಇದರ ಕ್ಲಚ್ಚು ಕೇಬಲ್ಲಿನಿಂದಲೇ ಕೆಲಸ ಮಾಡುತ್ತದೆ. ಅದನ್ನು ಬದಲಿಸುವುದು ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ ಯಾವ ರೈತರಿಗೂ ಕಷ್ಟವಲ್ಲ.

ಕೇಬಲ್ ಮಾಡುವ ಕೆಲಸ

ಸೈಕಲ್ಲಿನ ಬ್ರೇಕ್ ತಂತಿಯನ್ನು ನೆನಪಿಸಿಕೊಳ್ಳಿ. ಹೊರಗೊಂದು ಕವಚ, ಒಳಗೆ ಎಳೆಗಳನ್ನು ಹೆಣೆದ ಉಕ್ಕಿನ ತಂತಿ. ಕ್ಲಚ್ ಕೇಬಲ್ಲೂ ಹಾಗೆಯೇ, ಆದರೆ ಹೆಚ್ಚು ದಪ್ಪ. ಇದರ ಒಂದು ತುದಿ ಪೆಡಲಿನ ಕೊಕ್ಕೆಗೆ, ಇನ್ನೊಂದು ತುದಿ ಗೇರ್ ಬಾಕ್ಸಿನ ಮೇಲಿರುವ ಲಿವರಿಗೆ ಸೇರಿರುತ್ತದೆ. ಪೆಡಲ್ ಒತ್ತಿದಾಗ ಲಿವರ್ ಎಳೆಯಲ್ಪಟ್ಟು ಎಂಜಿನ್ನಿಗೂ ಗೇರ್ ಬಾಕ್ಸಿಗೂ ಇರುವ ಸಂಬಂಧ ಕಡಿಯುತ್ತದೆ. ಕವಚದೊಳಗೆ ನೀರು, ಧೂಳು ಸೇರಿದರೆ ತುಕ್ಕು ಹಿಡಿಯುತ್ತದೆ. ಆಮೇಲೆ ತಂತಿಯ ಎಳೆಗಳು ಒಂದೊಂದಾಗಿ ಕಡಿಯುತ್ತವೆ.

ಲಕ್ಷಣಗಳನ್ನು ಗುರುತಿಸಿರಿ

ಎಲೆ ಹಳದಿಯಾದ ಕೂಡಲೇ ಯೂರಿಯಾ ಸುರಿಯುವುದು ಜಾಣತನವಲ್ಲ; ನೀರು ನಿಂತರೂ ಎಲೆ ಹಳದಿಯಾಗುತ್ತದೆ. ಇಲ್ಲಿಯೂ ಮೊದಲು ಕಾರಣ ತಿಳಿಯಬೇಕು.

1. ಪೆಡಲ್ ದಿನೇ ದಿನೇ ಬಿಗಿಯಾಗುವುದು, ಒತ್ತುವಾಗ ಕರಕರ ಎನ್ನುವುದು: ಕೇಬಲ್ ಒಳಗೆ ತುಕ್ಕು ಹಿಡಿದಿರಬಹುದು ಅಥವಾ ಎಳೆ ಕಡಿದಿರಬಹುದು.

2. ಪೆಡಲ್ ಪೂರ್ತಿ ಒತ್ತಿದರೂ ಗೇರ್ ಬೀಳುವಾಗ ಸದ್ದು ಬರುವುದು: ಕೇಬಲ್ ಹಿಗ್ಗಿ ಸಡಿಲು ಹೆಚ್ಚಾಗಿರಬಹುದು.

3. ಎಂಜಿನ್ ಜೋರಾಗಿ ಕೂಗಿದರೂ ಏರಿನಲ್ಲಿ ಕಾರು ಎಳೆಯದಿರುವುದು: ಕ್ಲಚ್ ಪ್ಲೇಟು ಜಾರುತ್ತಿದೆ. ಸಡಿಲು ಇಲ್ಲದಿದ್ದರೆ ಹೊಂದಿಸಿ ನೋಡಿ. ಆಮೇಲೂ ಜಾರಿದರೆ ಪ್ಲೇಟು ಸವೆದಿದೆ. ಕೇಬಲ್ ಬದಲಿಸಿ ಪ್ರಯೋಜನವಿಲ್ಲ.

ಬದಲಿಸುವ ಕ್ರಮ

ನಿಮ್ಮ ಕಾರಿನ ಮಾದರಿ, ವರ್ಷ ತಿಳಿಸಿ ಸರಿಯಾದ ಕೇಬಲ್ ಕೊಳ್ಳಿರಿ. ಸ್ಪ್ಯಾನರ್‌ಗಳು, ಇಕ್ಕಳ, ಟಾರ್ಚು, ಗ್ರೀಸು ಮತ್ತು ಹಳೆಯ ಬಟ್ಟೆ ಇದ್ದರೆ ಸಾಕು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿರಿ. ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಎಂಜಿನ್ ತಣ್ಣಗಾದ ಮೇಲೆಯೇ ಕೈ ಹಾಕಿರಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಬೇಡಿ.

ಹಳೆಯ ಕೇಬಲ್ ಹಾದುಹೋಗುವ ದಾರಿಯನ್ನು ಮೊದಲು ನೋಡಿಟ್ಟುಕೊಳ್ಳಿ. ಚಿತ್ರ ಬರೆದುಕೊಂಡರೆ ಇನ್ನೂ ಒಳ್ಳೆಯದು. ಗೇರ್ ಬಾಕ್ಸಿನ ಕಡೆ ಹೊಂದಾಣಿಕೆಯ ನಟ್ಟು ಬಿಚ್ಚಿ ತಂತಿಯನ್ನು ಲಿವರಿನಿಂದ ಬಿಡಿಸಿರಿ. ಅಲ್ಲಿನ ಸಣ್ಣ ಪಿನ್ನು ಕೆಳಗೆ ಬಿದ್ದರೆ ಹುಡುಕುವುದೇ ಒಂದು ಕೆಲಸ, ಜೋಪಾನ. ಕವಚವನ್ನು ಹಿಡಿದಿರುವ ಬ್ರಾಕೆಟ್ ಮತ್ತು ಕ್ಲಿಪ್ಪುಗಳನ್ನು ಸಡಿಲಿಸಿರಿ. ಒಳಗಡೆ ಟಾರ್ಚು ಹಿಡಿದು, ಪೆಡಲಿನ ಕೊಕ್ಕೆಯಿಂದ ತುದಿಯನ್ನು ತಪ್ಪಿಸಿ, ಗೋಡೆಯ ತಗಡಿಗೆ ಕೂರಿಸಿದ ಬೋಲ್ಟುಗಳನ್ನು ಬಿಚ್ಚಿ, ಕೇಬಲನ್ನು ಎಂಜಿನ್ ಕಡೆಯಿಂದ ಎಳೆದು ತೆಗೆಯಿರಿ.

ಈಗ ಪೆಡಲನ್ನು ಕೈಯಿಂದ ಆಡಿಸಿ ನೋಡಿ. ಕೇಬಲ್ ಇಲ್ಲದಿದ್ದರೂ ಬಿಗಿಯಾಗಿದ್ದರೆ ದೋಷ ಪೆಡಲಿನ ಬುಷ್ಷಿನಲ್ಲಿದೆ. ಅದನ್ನು ಸರಿಪಡಿಸದೆ ಹೊಸ ಕೇಬಲ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ.

ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಉದ್ದ ಹಾಗೂ ತುದಿಗಳನ್ನು ಹೋಲಿಸಿರಿ. ಪೆಡಲ್ ಕೊಕ್ಕೆಗೂ ಲಿವರಿನ ಪಿನ್ನಿಗೂ ಗ್ರೀಸು ಸವರಿ, ತೆಗೆದ ಕ್ರಮಕ್ಕೆ ಹಿಂದುಮುಂದಾಗಿ ಜೋಡಿಸಿರಿ. ಕೇಬಲ್ ಮಡಚಬಾರದು, ತೀರಾ ಬಾಗಬಾರದು, ಬಿಸಿ ಹೊಗೆ ಕೊಳವೆಗೆ ತಾಗಬಾರದು.

ಸಡಿಲು ಹೊಂದಿಸುವುದು

ಇದೇ ಮುಖ್ಯ ಹಂತ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿದಾಗ ಮೊದಲು ಸ್ವಲ್ಪ ದೂರ ಹಗುರವಾಗಿ ಹೋಗಿ ನಂತರ ಬಿಗಿ ತಾಗುತ್ತದೆ. ಮೆಕ್ಯಾನಿಕ್‌ಗಳು ‘ಪ್ಲೇ’ ಎನ್ನುವ ಈ ಸಡಿಲು ಇಂಥ ಕಾರುಗಳಲ್ಲಿ ಸುಮಾರು 20ರಿಂದ 30 ಮಿ.ಮೀ. ಇರಬೇಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿರಿ. ನಟ್ಟು ಬಿಗಿದರೆ ಸಡಿಲು ಕಡಿಮೆಯಾಗುತ್ತದೆ, ಸಡಿಲಿಸಿದರೆ ಹೆಚ್ಚುತ್ತದೆ. ಪೆಡಲ್ ಗಟ್ಟಿಯಾಗಿದ್ದರೆ ಚೆಂದ ಎಂದು ಪೂರ್ತಿ ಬಿಗಿಯಬೇಡಿ. ಹಾಗೆ ಮಾಡಿದರೆ ಪ್ಲೇಟು ಸದಾ ಅರ್ಧ ಜಾರುತ್ತ ಬೇಗ ಸುಡುತ್ತದೆ. ಪ್ಲೇಟು ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು. ಅದರ ಖರ್ಚು ಕೇಬಲ್ಲಿನದಕ್ಕಿಂತ ಹಲವು ಪಟ್ಟು.

ಪೆಡಲನ್ನು ಇಪ್ಪತ್ತು ಸಲ ಪೂರ್ತಿ ಒತ್ತಿ ಬಿಟ್ಟು, ಮತ್ತೆ ಅಳೆಯಿರಿ. ನಂತರ ಎಂಜಿನ್ ಚಾಲೂ ಮಾಡಿ, ಕ್ಲಚ್ ಒತ್ತಿ ಕ್ಷಣಕಾಲ ತಡೆದು ರಿವರ್ಸ್ ಗೇರ್ ಹಾಕಿರಿ. ಸದ್ದಿಲ್ಲದೆ ಬಿದ್ದರೆ ಕೆಲಸ ಸರಿಯಾಗಿದೆ. ಹೊಸ ಕೇಬಲ್ ಸ್ವಲ್ಪ ಹಿಗ್ಗುವುದರಿಂದ ಕೆಲವು ದಿನಗಳ ಓಡಾಟದ ನಂತರ ಇನ್ನೊಮ್ಮೆ ಅಳೆಯಿರಿ. ಇಷ್ಟಾದರೂ ಪೆಡಲ್ ಬಿಗಿಯಾಗಿಯೇ ಇದ್ದರೆ ದೋಷ ಗೇರ್ ಬಾಕ್ಸಿನ ಒಳಗಿದೆ, ಮೆಕ್ಯಾನಿಕ್‌ಗೆ ತೋರಿಸಿರಿ.

ಕೊನೆಯ ಮಾತು

ಪ್ರತಿ ಮುಂಗಾರಿಗೆ ಮುನ್ನ ಕೂರಿಗೆ, ನೇಗಿಲು, ಪಂಪ್‌ಸೆಟ್ಟು ನೋಡಿಕೊಳ್ಳುವಂತೆ ಈ ಕೇಬಲನ್ನೂ ನೋಡಿಕೊಳ್ಳಿರಿ. ಒಂದು ಎಳೆ ಕಡಿದಿರುವುದು ಕಂಡರೂ ಬದಲಿಸಿರಿ. ಹದ ನಮಗಾಗಿ ಕಾಯುವುದಿಲ್ಲ, ಮಾರುಕಟ್ಟೆಯೂ ಕಾಯುವುದಿಲ್ಲ. ನನ್ನ ಕಾರಿನ ಡಿಕ್ಕಿಯಲ್ಲಿ ಈಗ ಒಂದು ಹೊಸ ಕೇಬಲ್ಲೂ ಎರಡು ಸ್ಪ್ಯಾನರೂ ಯಾವಾಗಲೂ ಇರುತ್ತವೆ.